ಗಾಜಿನ ತೊಟ್ಟಿಯ ಮಳೆ, ತೋಡಿನ ಮಳೆ

ದಕ್ಷಿಣ ಅಮೆರಿಕ ಮೂಲದ ‘ಕೊರಿಡೋರಾಸ್’ ಎಂಬ ಪುಟ್ಟ ಮೀಸೆಮೀನನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಮರಿ ಮಾಡಿಸುವುದು ಹೊಸ ವಿದ್ಯೆಯೇನಲ್ಲ. ಪ್ಯಾರಿಸ್ಸಿನಲ್ಲಿ 1878ರಲ್ಲೇ ಅದು ಸಾಧ್ಯವಾಗಿತ್ತು. ಕೆಲವು ದಿನ ಹುಳುಗಳ ಆಹಾರವನ್ನು ಹೇರಳವಾಗಿ ಕೊಟ್ಟು, ಅನಂತರ ತೊಟ್ಟಿಯ ನೀರಿನ ಒಂದು ಪಾಲನ್ನು ತೆಗೆದು ತುಸು ತಣ್ಣಗಿನ ನೀರು ತುಂಬಿದರೆ, ಮೀನು ಅದನ್ನು ಮಳೆಗಾಲದ ಆರಂಭವೆಂದೇ ಗ್ರಹಿಸುತ್ತದೆ. ಹೆಣ್ಣು ಹೊಟ್ಟೆಯಡಿಯ ಈಜುರೆಕ್ಕೆಗಳ ನಡುವೆ ಎರಡು–ನಾಲ್ಕು ಮೊಟ್ಟೆಗಳನ್ನು ಹಿಡಿದೊಯ್ದು ಗಾಜಿಗೆ ಅಂಟಿಸುತ್ತದೆ. ಅವನ್ನು ಬೇರ್ಪಡಿಸದಿದ್ದರೆ ಹಿರಿಯ ಮೀನುಗಳೇ ತಿಂದುಬಿಡುತ್ತವೆ. ಬೇರ್ಪಡಿಸಿದರೆ ಮೂರರಿಂದ ಐದು ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಮಳೆಗೂ ಸಂತಾನಕ್ಕೂ ಇರುವ ನಂಟನ್ನು ವಿದ್ಯಾರ್ಥಿಗೆ ಇಷ್ಟು ಸ್ಪಷ್ಟವಾಗಿ ತೋರಿಸುವ ಪಾಠ ಪಠ್ಯಪುಸ್ತಕದಲ್ಲಿ ಸಿಗುವುದು ಕಷ್ಟ.

ಈ ನಂಟು ಪುತ್ತೂರು, ಸುಳ್ಯ, ಕಡಬದ ಕೃಷಿಕರಿಗೆ ಹೊಸದಲ್ಲ. ಮೊದಲ ಮಳೆಗೆ ತೋಡು ತುಂಬಿದಾಗ ಹೊಳೆಯ ಮೀನು ಗದ್ದೆಯತ್ತ ಏರುತ್ತದೆ. ಮುಗುಡು ಮೊಟ್ಟೆಯಿಡುವುದೂ ಆಗಲೇ. ಅಪಾಯ ಇರುವುದೂ ಇಲ್ಲಿಯೇ. ತೊಟ್ಟಿಯಲ್ಲಿ ಕೃತಕವಾಗಿ ಕೊಡುವ ಸಂಕೇತವನ್ನು ಇಲ್ಲಿನ ತೋಡು ಪ್ರತಿ ಜೂನ್‌ನಲ್ಲಿ ಧಾರಾಳವಾಗಿ ಕೊಡುತ್ತದೆ, ಯಾವ ದೇಶದ ಮೀನೆಂದು ಅದು ಕೇಳುವುದಿಲ್ಲ.

ಒಮ್ಮೆಗೆ ನೂರಕ್ಕೂ ಹೆಚ್ಚು ಮೊಟ್ಟೆಗಳು ಸಿಗಬಹುದು. ಮರಿಗಳು ಬೆಳೆದು ತೊಟ್ಟಿ ಸಾಲದಾದಾಗ, ಕೊಲ್ಲಲು ಮನಸ್ಸು ಬಾರದೆ, ‘ಪಾಪ, ಬದುಕಿಕೊಳ್ಳಲಿ’ ಎಂದು ತೋಟದ ಕೆರೆಗೆ ಬಿಡುವವರಿದ್ದಾರೆ. ಕೆರೆ ಕೋಡಿ ಹರಿದರೆ ತೋಡು, ತೋಡಿನಿಂದ ಕುಮಾರಧಾರೆ ಅಥವಾ ಪಯಸ್ವಿನಿ. ಕೊರಿಡೋರಾಸ್ ಮೇಲೆ ಬಂದು ಗಾಳಿ ನುಂಗಿ ಕರುಳಿನ ಮೂಲಕವೂ ಉಸಿರಾಡಬಲ್ಲದು. ಬೇಸಿಗೆಯಲ್ಲಿ ಕಟ್ಟದ ಹಿಂದೆ ನಿಂತ ನೀರು ಅದಕ್ಕೆ ಅಸಹನೀಯವಲ್ಲ. ಅದು ಇಲ್ಲಿ ಬೇರೂರುವುದೇ ಎಂದು ಹೊಳೆಯಲ್ಲೇ ಪರೀಕ್ಷಿಸಿ ನೋಡುವ ಹಕ್ಕು ಯಾರಿಗೂ ಇಲ್ಲ. ಅದರ ದೂರದ ಬಂಧು, ಪಾಚಿ ತಿನ್ನುವುದೆಂದು ಅಂಗಡಿಗಳಲ್ಲಿ ಬೆರಳುದ್ದಕ್ಕೆ ಮಾರುವ ‘ಸಕ್ಕರ್’ ಮೀನು, ಒಂದು ಅಡಿಗೂ ಮೀರಿ ಬೆಳೆದು, ಕೇರಳವೂ ಸೇರಿದಂತೆ ದೇಶದ ಹಲವೆಡೆ ಹೊಳೆ–ಕೆರೆಗಳ ದಂಡೆ ಕೊರೆದು ನೆಲೆಯೂರಿದೆ. 2018ರ ನೆರೆಯ ಬಳಿಕ ಕೇರಳದ ನದಿಗಳಲ್ಲಿ ಅಮೆಜಾನಿನ ಅರಾಪೈಮಾ ಕೂಡ ಬಲೆಗೆ ಬಿತ್ತು. ಅದೇ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಕುಸಿದು ಮರಮಣ್ಣು ಪಯಸ್ವಿನಿಯಲ್ಲಿ ಹರಿದದ್ದನ್ನು ಕಂಡ ಸುಳ್ಯದವರಿಗೆ, ಕೆರೆಯ ದಂಡೆ ಮೀನನ್ನು ತಡೆದೀತೆಂಬ ಮಾತು ಹಿಡಿಸಲಾರದು.

ತೊಡಿಕಾನದ ಮತ್ಸ್ಯತೀರ್ಥದಲ್ಲಿ ಮೀನಿಗೆ ಕೈಯೆತ್ತದ ಜನ, ಅದೇ ಸೀಮೆಯ ತೋಡುಗಳಿಗೆ ಏನನ್ನು ಬಿಡುತ್ತೇವೆ ಎಂಬುದನ್ನು ಯೋಚಿಸದಿರುವುದು ವಿಚಿತ್ರ. ದೇವರ ಮೀನಿಗೊಂದು ನೀತಿ, ಹೆಸರಿಲ್ಲದ ಸಣ್ಣ ಮೀನಿಗೆ ಇನ್ನೊಂದು.

ತೊಟ್ಟಿಯಲ್ಲಿ ಮರಿ ಮಾಡಿಸುವುದನ್ನು ನಿಲ್ಲಿಸಬೇಕಾಗಿಲ್ಲ. ಆದರೆ ತಣ್ಣೀರು ಸುರಿಯುವ ಮೊದಲೇ ಮರಿಗಳನ್ನು ಪಡೆಯುವವರು ಯಾರೆಂದು ನಿಶ್ಚಯವಾಗಬೇಕು: ಅಂಗಡಿಯೋ, ಶಾಲೆಯ ತೊಟ್ಟಿಯೋ, ಪರಿಚಯದ ಮನೆಯೋ. ಯಾರೂ ಇಲ್ಲವಾದರೆ ಮೊಟ್ಟೆಗಳನ್ನು ಬೇರ್ಪಡಿಸದೆ ಬಿಟ್ಟರಾಯಿತು, ಹಿರಿಯ ಮೀನುಗಳೇ ಲೆಕ್ಕ ಸರಿಪಡಿಸುತ್ತವೆ. ಬದಲಿಸಿದ ಹಳೆಯ ನೀರಿನಲ್ಲಿಯೂ ಮೊಟ್ಟೆ, ಬಸವನಹುಳು, ರೋಗಾಣುಗಳಿರಬಹುದು. ಅದನ್ನು ತೋಡಿಗೆ ಚೆಲ್ಲದೆ ತೋಡಿನಿಂದ ದೂರವಿರುವ ತೆಂಗಿನ ಬುಡಕ್ಕೆ ಹೊಯ್ಯಬೇಕು, ಮಳೆ ಬಿಟ್ಟ ಹೊತ್ತಿನಲ್ಲಿ.