ಮನೆಯಂಗಳ: ಉರಿಯುತ್ತಿದ್ದ ದೀಪ



ಕಳೆದ ವರ್ಷ ಜನವರಿಯ ಒಂದು ಭಾನುವಾರ. ಎರಡನೆಯ ಪೂಜೆ ಮುಗಿಸಿ ನಾವು ಗುರುನಿವಾಸದ ಮೆಟ್ಟಿಲು ಹತ್ತುತ್ತಿದ್ದೆವು. ನಮ್ಮ ಒಂದು ವಾಳೆಯ ಹಿರಿಯ ಅಜ್ಜಿಯೊಬ್ಬರು ಹಿಂದಿನಿಂದ ಕರೆದರು. ಜನರೆಲ್ಲ ಚದುರುವವರೆಗೆ ಅವರು ಕಾದಿದ್ದರೆಂದು ಕಾಣುತ್ತದೆ.

"ಫಾದರ್, ಒಂದು ಮಾತು ಉಂಟು. ಹೇಳಲಿಕ್ಕೆ ನಾಚಿಕೆ ಆಗ್ತದೆ. ಕೆನಡಾದಲ್ಲಿರುವ ಮೊಮ್ಮಗಳು ಮೂರು ದಿವಸದಿಂದ ಸರಿಯಾಗಿ ಊಟ ಮಾಡ್ತಾ ಇಲ್ಲ. ಅವಳ ಗೋಸುಂಬೆಗೆ ಹುಷಾರಿಲ್ಲವಂತೆ. ಪೂಜೆಯಲ್ಲಿ ನೆನಪು ಮಾಡಿಕೊಳ್ಳಿ ಅಂತ ನಿಮಗೆ ಹೇಳಲಿಕ್ಕೆ ಹೇಳಿದ್ದಾಳೆ."

ನಮಗೆ ನಗು ಬಂತು. ಗೋಸುಂಬೆ ಎಂಬ ಪದವನ್ನು ನಾವು ಬಳಸುವುದು ಹೆಚ್ಚಾಗಿ ಚುನಾವಣೆಯ ಕಾಲದಲ್ಲಿ, ಪಕ್ಷ ಬದಲಿಸಿದವರನ್ನು ಬೈಯುವುದಕ್ಕೆ. ಆ ಪ್ರಾಣಿಗೂ ಕಾಯಿಲೆ ಬರುತ್ತದೆ, ಅದಕ್ಕಾಗಿ ಒಂದು ಮಗು ಊಟ ಬಿಡುತ್ತದೆ ಎಂದು ನಾವು ಎಂದೂ ಯೋಚಿಸಿರಲಿಲ್ಲ. ಆದರೆ ಅಜ್ಜಿ ನಗಲಿಲ್ಲ. ಅವರ ಮುಖ ನೋಡಿ ನಮ್ಮ ನಗು ಅಲ್ಲಿಯೇ ನಿಂತಿತು.

ಆ ಸಂಜೆ ಅವರ ಮನೆಯ ಜಗಲಿಯಲ್ಲಿ ಕುಳಿತೆವು. ಫೋನನ್ನು ಕಾಫಿಪುಡಿಯ ಡಬ್ಬಕ್ಕೆ ಒರಗಿಸಿಟ್ಟು ಅಜ್ಜಿ ವಿಡಿಯೋ ಕರೆ ಮಾಡಿಸಿದರು. ಇಲ್ಲಿ ಸಂಜೆ ಏಳು ಗಂಟೆ. ಟೊರೊಂಟೊ ಬಳಿಯ ಮಿಸಿಸಾಗಾದಲ್ಲಿ ಬೆಳಗ್ಗೆ ಎಂಟೂವರೆ. ಕಿಟಕಿಯಾಚೆ ಹಿಮ ಬಿದ್ದು ಎಲ್ಲ ಬೆಳ್ಳಗಾಗಿತ್ತು. 12 ವರ್ಷದ ಹುಡುಗಿ ಫೋನನ್ನು ಬಲೆಯ ಗೂಡಿನ ಹತ್ತಿರ ಹಿಡಿದಳು.

ಅದು ವೇಯ್ಲ್ಡ್ ಕಮೀಲಿಯನ್ ಎಂಬ ಜಾತಿ. ಅದರ ಮೂಲ ನೆಲೆ ಯೆಮನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗ. ತಲೆಯ ಮೇಲೆ ಕಿರೀಟದಂಥ ಏಣು, ಎರಡು ಕಡೆಗೆ ಬೇರೆ ಬೇರೆಯಾಗಿ ತಿರುಗುವ ಕಣ್ಣು. ಅಲ್ಲಿ ಗೂಡಿನಲ್ಲಿಯೇ ಮರಿ ಮಾಡಿಸಿ ಸಾಕುವವರಿಗೆ ಮಾರುತ್ತಾರೆ. ಹುಟ್ಟುಹಬ್ಬಕ್ಕೆ ಸಿಕ್ಕಿದ ಈ ಮರಿಗೆ ಅವಳು 'ಪಚ್ಚು' ಎಂದು ಹೆಸರಿಟ್ಟಿದ್ದಳು. ಹಸಿರಿಗೆ ಅಜ್ಜಿಯ ಬಾಯಲ್ಲಿ ಕೇಳಿದ ಪದದಿಂದ ಮಾಡಿಕೊಂಡ ಹೆಸರು.

ಪಚ್ಚು ಕೊಂಬೆಯ ಮೇಲಿರಲಿಲ್ಲ, ಗೂಡಿನ ತಳದಲ್ಲಿ ಬಿದ್ದಿತ್ತು. ಮುಂಗಾಲುಗಳು ಬಿಲ್ಲಿನಂತೆ ಬಾಗಿದ್ದವು. ಬೆರಳುಗಳು ನಡುಗುತ್ತಿದ್ದವು. ಕೊಂಬೆಯೆಂದು ತಿಳಿದು ತನ್ನದೇ ಕಾಲನ್ನು ಹಿಡಿದುಕೊಂಡಿತ್ತು. ದವಡೆ ಪೂರ್ತಿ ಮುಚ್ಚುತ್ತಿರಲಿಲ್ಲ. ತನ್ನ ಮೈಗಿಂತ ಉದ್ದದ ನಾಲಗೆಯನ್ನು ಬಾಣದಂತೆ ಬಿಟ್ಟು ಹುಳ ಹಿಡಿಯುವ ಪ್ರಾಣಿ ಅದು. ಈಗ ಎದುರಿಗಿದ್ದ ಹುಳವನ್ನು ಸುಮ್ಮನೆ ನೋಡುತ್ತಿತ್ತು.

"ಮೈಯೆಲ್ಲ ಕಪ್ಪಗಾಗಿದೆ ಫಾದರ್. ಮೊದಮೊದಲು ಆ ಬಣ್ಣವೂ ಚೆಂದ ಅಂದುಕೊಂಡಿದ್ದೆ" ಎಂದಳು.

ಆಗ ನಾವೊಂದು ತಪ್ಪು ಮಾಡಿದೆವು. ಗೊತ್ತಿಲ್ಲದ ವಿಷಯದಲ್ಲಿ ಗೊತ್ತಿದ್ದವರಂತೆ ಸಲಹೆ ಕೊಟ್ಟೆವು. "ಚಳಿಗೆ ಹಾಗಾಗಿರಬೇಕು ಮಗಾ. ಕಿಟಕಿಯ ಹತ್ತಿರ ಬಿಸಿಲು ಬೀಳುವಲ್ಲಿ ಇಡು, ಸರಿಹೋಗ್ತದೆ." ಧರ್ಮಗುರುಗಳ ಮಾತೆಂದು ಅವರು ಹಾಗೆಯೇ ಮಾಡಿದರು. ಎರಡು ದಿನ ಹೋಯಿತು. ಪಚ್ಚು ಕೊಂಬೆ ಹತ್ತಲಿಲ್ಲ. ಮೂರನೆಯ ದಿನ ಇಂಥ ಪ್ರಾಣಿಗಳನ್ನೇ ನೋಡುವ ಪಶುವೈದ್ಯೆಯ ಬಳಿ ಒಯ್ದರು.

ಎಕ್ಸ್‌ರೇಯಲ್ಲಿ ಎಲುಬುಗಳು ಬೆಳ್ಳಗೆ ಕಾಣಬೇಕಿತ್ತು. ಮಸುಕು ನೆರಳಿನಂತೆ ಕಂಡವು. ಒಂದು ಕಾಲಿನಲ್ಲಿ ಬಿರುಕೂ ಇತ್ತು. ಮೆಟಬಾಲಿಕ್ ಬೋನ್ ಡಿಸೀಸ್ ಎಂದು ವೈದ್ಯೆ ಹೇಳಿದರು. ಸರಳವಾಗಿ ಹೇಳುವುದಾದರೆ, ಎಲುಬಿನ ಸುಣ್ಣ ಕರಗಿಹೋಗುವ ಕಾಯಿಲೆ.

ಇದು ಹೇಗೆ ಬರುತ್ತದೆ ಎಂಬುದನ್ನು ಹುಡುಗಿಯೇ ನಮಗೆ ಪಾಠ ಹೇಳಿದಳು. ರಕ್ತದಲ್ಲಿ ಕ್ಯಾಲ್ಸಿಯಂ ಒಂದು ಮಟ್ಟದಲ್ಲಿ ಇರಲೇಬೇಕು. ಇಲ್ಲದಿದ್ದರೆ ಸ್ನಾಯು ಕೆಲಸ ಮಾಡುವುದಿಲ್ಲ, ಹೃದಯವೂ ಕೆಲಸ ಮಾಡುವುದಿಲ್ಲ. ಅದು ಕಡಿಮೆಯಾದಾಗ ಪ್ಯಾರಾಥೈರಾಯ್ಡ್ ಎಂಬ ಸಣ್ಣ ಗ್ರಂಥಿಗಳು ಎಚ್ಚರಗೊಂಡು ಎಲುಬಿನಿಂದ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಸೇರಿಸುತ್ತವೆ. ಮನೆ ನಡೆಸಲು ಹಣವಿಲ್ಲದವನು ಮಾಡಿನ ಹಂಚು ತೆಗೆದು ಮಾರಿದ ಹಾಗೆ. ಊಟ ನಡೆಯುತ್ತದೆ, ಹೊರಗಿನವರಿಗೆ ಏನೂ ತಿಳಿಯುವುದಿಲ್ಲ, ಮಳೆ ಬಂದ ದಿನ ಎಲ್ಲ ಬಯಲಾಗುತ್ತದೆ. ಪಚ್ಚುವಿನ ಮೈಯಲ್ಲಿ ಹೀಗೆ ತಿಂಗಳುಗಟ್ಟಲೆ ನಡೆದಿತ್ತು.

ಅದಕ್ಕೆ ಹಾಕುತ್ತಿದ್ದುದು ರಾತ್ರಿ ಕಿರ್ ಎನ್ನುವ, ಮಿಡತೆಯ ಬಳಗದ ಹುಳ. ಆ ಹುಳದಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ, ರಂಜಕ ಅದರ ಹಲವು ಪಟ್ಟು. ಗೋಸುಂಬೆಗೆ ಬೇಕಾದದ್ದು ಇದಕ್ಕೆ ತಿರುಗುಮುರುಗು: ರಂಜಕ ಒಂದು ಪಾಲಾದರೆ ಕ್ಯಾಲ್ಸಿಯಂ ಸುಮಾರು ಎರಡು ಪಾಲು. ಆದ್ದರಿಂದ ಹುಳಕ್ಕೆ ಮೊದಲು ಒಳ್ಳೆಯ ಸೊಪ್ಪು ತಿನ್ನಿಸಿ, ಅದರ ಮೈಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಬೇಕು.

ಪುಡಿ ಹೊಟ್ಟೆಗೆ ಹೋದರೆ ಸಾಲದು, ಮೈಗೆ ಹತ್ತಬೇಕು. ಅದಕ್ಕೆ ಡಿ ವಿಟಮಿನ್ ಬೇಕು. ಬಿಸಿಲಿನಲ್ಲಿರುವ ಯುವಿಬಿ ಎಂಬ ಅತಿನೇರಳೆ ಕಿರಣ ಚರ್ಮಕ್ಕೆ ತಾಗಿದಾಗ ಮೈಯೇ ಅದನ್ನು ತಯಾರಿಸಿಕೊಳ್ಳುತ್ತದೆ. ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆ, ಈ ಕಿರಣವನ್ನು ತಡೆಯುತ್ತದೆ.

"ಹಾಗಾಗಿ ನೀವು ಹೇಳಿದ ಕಿಟಕಿ ಪ್ರಯೋಜನಕ್ಕೆ ಬರಲಿಲ್ಲ ಫಾದರ್" ಎಂದು ಹುಡುಗಿ ಮೆಲ್ಲಗೆ ಹೇಳಿದಳು. ನಾವು ತಲೆಯಾಡಿಸಿದೆವು. ಮಕ್ಕಳು ತಿದ್ದಿದಾಗ ತಿದ್ದಿಕೊಳ್ಳುವುದು ನಮಗೂ ಒಳ್ಳೆಯದೇ.

"ಮತ್ತೆ ಗೂಡಿನ ಮೇಲೆ ದೀಪ ಉಂಟಲ್ಲ?" ಎಂದು ಅಜ್ಜಿ ಕೇಳಿದರು.

ದೀಪ ಇತ್ತು. ಯುವಿಬಿ ಕೊಡುವ ದೀಪವೆಂದೇ ಕೊಂಡದ್ದು. ಬೆಳಗ್ಗೆ ಹಚ್ಚಿ ರಾತ್ರಿ ಆರಿಸುತ್ತಿದ್ದರು, ಒಂದು ದಿನವೂ ತಪ್ಪಿಸಿರಲಿಲ್ಲ. ಆದರೆ ಅಂಥ ದೀಪಗಳಲ್ಲಿ ಕಣ್ಣಿಗೆ ಕಾಣುವ ಬೆಳಕು ವರ್ಷಗಟ್ಟಲೆ ಇರಬಹುದು, ಕಾಣದ ಆ ಕಿರಣ ಮಾತ್ರ ಬೇಗ ಕ್ಷೀಣಿಸುತ್ತದೆ. ದೀಪದ ಬಗೆ ನೋಡಿಕೊಂಡು 6ರಿಂದ 12 ತಿಂಗಳಿಗೊಮ್ಮೆ ಬದಲಿಸಬೇಕು. ಪಚ್ಚುವಿನ ದೀಪಕ್ಕೆ ಒಂಬತ್ತು ತಿಂಗಳಾಗಿತ್ತು. ಆರು ತಿಂಗಳಿಗೆ ಬದಲಿಸಿರಿ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ದೀಪ ಉರಿಯುತ್ತಿತ್ತು, ಬೇಕಾದ ಬೆಳಕು ಬರುತ್ತಿರಲಿಲ್ಲ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಫಾದರ್, ಪಚ್ಚು ಹೀಗಾಗಿದ್ದು ನನ್ನಿಂದಲಾ?" ಎಂದು ಕೇಳಿದಳು.

ಅಲ್ಲ ಎಂದು ಬಿಡುವುದು ಸುಲಭವಿತ್ತು. ಬಾಯಿಗೂ ಬಂದಿತ್ತು. ಆದರೆ ನವೆಂಬರಿನಲ್ಲಿ ಕ್ಯಾಲ್ಸಿಯಂ ಪುಡಿ ಮುಗಿದದ್ದು, ತರಿಸಲು ಹೇಳಲು ತಾನು ಮರೆತದ್ದು ಅವಳಿಗೆ ಗೊತ್ತಿತ್ತು. ಸುಳ್ಳು ಸಮಾಧಾನ ಅವಳಿಗೆ ಹಿಡಿಸುತ್ತಿರಲಿಲ್ಲ. ನಾವು ಮಾತು ಹುಡುಕುತ್ತಿದ್ದಾಗ ಅವಳ ತಂದೆ ಬಂದು ಪಕ್ಕದಲ್ಲಿ ಕುಳಿತರು.

"ನಿನ್ನಿಂದ ಮಾತ್ರ ಅಲ್ಲ ಮಗಾ. ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಾನು ಅಕ್ಟೋಬರಿನಲ್ಲೇ ಓದಿದ್ದೆ. ಚೆನ್ನಾಗಿ ಉರಿಯುವ ಬಲ್ಬನ್ನು ಬಿಸಾಡುವುದು ಯಾಕೆ, ದುಡ್ಡು ದಂಡ ಅಂತ ಸುಮ್ಮನಾದೆ."

ಇದು ಪಾಪನಿವೇದನೆಯಲ್ಲ, ಜಗಲಿಯ ಮಾತು. ಇಲ್ಲಿ ಬರೆಯಲು ಅವರ ಒಪ್ಪಿಗೆಯನ್ನೂ ಪಡೆದಿದ್ದೇವೆ. ಉರಿಯುವ ಬಲ್ಬನ್ನು ನಮ್ಮಲ್ಲಿ ಯಾರು ತಾನೇ ಬಿಸಾಡುತ್ತಾರೆ? ಆ ಮನೆಯಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ತಿಳಿದದ್ದನ್ನು ಸಮಯಕ್ಕೆ ಮಾಡದೆ ಬಿಟ್ಟದ್ದು ಮಾತ್ರ ಕೊರತೆ. ತಂದೆ ಅದನ್ನು ಒಪ್ಪಿಕೊಂಡ ಮೇಲೆ ಮಗಳ ಅಳು ನಿಂತಿತು. ತಪ್ಪು ಕಡಿಮೆಯಾಯಿತೆಂದಲ್ಲ, ಅದನ್ನು ಹೊರಲು ಇನ್ನೊಂದು ಹೆಗಲು ಸಿಕ್ಕಿತು.

ಅಷ್ಟರಲ್ಲಿ ಅಜ್ಜಿಗೆ ಏನೋ ನೆನಪಾಯಿತು. "ಇದು ನನಗೆ ಗೊತ್ತುಂಟು! ನಮ್ಮ ಕೆಂಪು ದನ ಕರು ಹಾಕಿದ ಮರುದಿವಸ ಬಿದ್ದುಬಿಟ್ಟಿತ್ತು. ಕಾಲು ತಣ್ಣಗೆ, ಕುತ್ತಿಗೆ ಒಂದು ಬದಿಗೆ. ಡಾಕ್ಟ್ರು ಬಂದು ಬಾಟ್ಲಿಯಲ್ಲಿ ಕ್ಯಾಲ್ಸಿಯಂ ಏರಿಸಿದರು. ಆಮೇಲೆ ಎದ್ದು ನಿಂತು ಹುಲ್ಲು ಎಳೀಲಿಕ್ಕೆ ಶುರು ಮಾಡಿತು!" ಹಾಲುಜ್ವರವೆಂದು ನಮ್ಮ ಹಳ್ಳಿಗಳಲ್ಲಿ ದನ ಸಾಕಿದವರಿಗೆಲ್ಲ ಪರಿಚಿತವಾದ ಕಾಯಿಲೆ ಅದು. ಅಲ್ಲಿಯವರೆಗೆ ನಾಚಿಕೊಳ್ಳುತ್ತಿದ್ದ ಅಜ್ಜಿ ಆ ಕ್ಷಣದಿಂದ ಗೋಸುಂಬೆಯ ಆರೈಕೆಗೆ ಹಿರಿಯ ಸಲಹೆಗಾರರಾದರು.

ಮನುಷ್ಯರ ಮಕ್ಕಳಿಗೂ ಇದರ ಸಮೀಪದ ಕಾಯಿಲೆಯೊಂದಿದೆ, ರಿಕೆಟ್ಸ್. ಕಾಲು ಬಾಗುವುದು, ಎಲುಬು ಮೆತ್ತಗಾಗುವುದು ಅದರಲ್ಲಿಯೂ ಇದೆ. 1919ರಲ್ಲಿ ಬರ್ಲಿನ್‌ನ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್‌ಕಿ ಇಂಥ ಮಕ್ಕಳನ್ನು ಅತಿನೇರಳೆ ಕಿರಣದ ದೀಪದಿಂದ ಗುಣಪಡಿಸಿದರು. ಒಂದು ತೋಳಿಗೆ ಮಾತ್ರ ಬೆಳಕು ಹಾಯಿಸಿದರೂ ಇನ್ನೊಂದು ತೋಳಿನ ಎಲುಬೂ ಗಟ್ಟಿಯಾಗುವುದನ್ನು ಅವರು ಕಂಡರು. ಬೆಳಕು ಬಿದ್ದ ಜಾಗದಲ್ಲಿ ಹುಟ್ಟಿದ ಮದ್ದು ಮೈಯೆಲ್ಲ ಹರಿಯುತ್ತದೆ ಎಂದಾಯಿತು. ಅಂದಹಾಗೆ, ಕೂಸನ್ನು ಎಳೆಬಿಸಿಲಿಗೆ ಹಿಡಿಯುವ ನಮ್ಮ ಅಜ್ಜಿಯಂದಿರು ಒಂದು ಮಾತು ತಿಳಿದಿರಬೇಕು: ಬೆಳಗಿನ ಎಳೆಬಿಸಿಲಿನಲ್ಲಿ ಈ ಕಿರಣ ಬಹಳ ಕಡಿಮೆ. ಮಗುವಿಗೆ ಡಿ ವಿಟಮಿನ್ ಹನಿ ಬೇಕೆಂದು ವೈದ್ಯರು ಹೇಳಿದರೆ, ಬಿಸಿಲು ಸಾಕೆಂದು ಅದನ್ನು ಬಿಡಬಾರದು.

ವೈದ್ಯೆ ಏನನ್ನೂ ಮುಚ್ಚಿಡಲಿಲ್ಲ. ಬಾಗಿದ ಎಲುಬು ನೆಟ್ಟಗಾಗುವುದಿಲ್ಲ. ಇನ್ನು ಮುಂದೆ ಹುಟ್ಟುವ ಎಲುಬು ಗಟ್ಟಿಯಾಗಬಹುದು. ಮೂರು ವಾರಗಳಲ್ಲಿ ಏನೂ ಚೇತರಿಕೆ ಕಾಣದಿದ್ದರೆ, ಬೆನ್ನೆಲುಬು ಮುರಿದರೆ, ನೋವಿಲ್ಲದೆ ಕಳುಹಿಸಿಕೊಡುವುದೇ ಕರುಣೆ ಎಂದರು. ಮೂರು ವಾರ ನೋಡೋಣ ಎಂದು ಹುಡುಗಿಯೇ ತೀರ್ಮಾನಿಸಿದಳು.

ಮೊದಲ ದಿನ ಕ್ಯಾಲ್ಸಿಯಂ ಗ್ಲುಕೊನೇಟ್ ಚುಚ್ಚುಮದ್ದು. ಬಳಿಕ ದಿನವೂ ಬಾಯಿಗೆ ಕ್ಯಾಲ್ಸಿಯಂ ಹನಿ, ಅದೂ ಮೈತೂಕ ನೋಡಿ ವೈದ್ಯೆ ಬರೆದುಕೊಟ್ಟಷ್ಟೇ. ಡಿ ವಿಟಮಿನ್ ಹೆಚ್ಚು ಕೊಟ್ಟರೆ ಬೇಗ ಗುಣವಾದೀತೆಂಬ ಆಸೆ ಅಪಾಯ. ಮಿತಿ ಮೀರಿದರೆ ಮೂತ್ರಪಿಂಡದಲ್ಲಿ ಸುಣ್ಣ ಕಟ್ಟುತ್ತದೆ. ಹೊಸ ಯುವಿಬಿ ದೀಪ ಬಂತು. ಪಕ್ಕದಲ್ಲಿ ಮೈಕಾಯಿಸಲು ಇನ್ನೊಂದು ದೀಪ. ಅದರಡಿಯ ಕೊಂಬೆಯಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸ್ ಶಾಖ. ಮೈ ಬೆಚ್ಚಗಾಗದಿದ್ದರೆ ತಿಂದದ್ದು ಅರಗುವುದಿಲ್ಲ.

ಎತ್ತರದ ಕೊಂಬೆಗಳನ್ನೆಲ್ಲ ತೆಗೆದರು. ತಳದಿಂದ ಒಂದು ಗೇಣು ಎತ್ತರದಲ್ಲಿ ಅಡ್ಡಕೊಂಬೆಗಳನ್ನು ಕಟ್ಟಿ, ಕೆಳಗೆ ಮೆತ್ತನೆಯ ಬಟ್ಟೆ ಹಾಸಿದರು, ಬಿದ್ದರೂ ಎಲುಬು ಮುರಿಯದಿರಲೆಂದು. ಹೊಸ ದೀಪವನ್ನೂ ಅಷ್ಟೇ ತಗ್ಗಿಸಿ ಕಟ್ಟಿದರು; ದೂರವಾದರೆ ಕಿರಣ ತಲುಪುವುದಿಲ್ಲ. ಗೋಸುಂಬೆ ಬಟ್ಟಲಿನ ನೀರು ಕುಡಿಯುವುದು ಅಪರೂಪ, ಎಲೆಯ ಮೇಲಿನ ಹನಿ ನೆಕ್ಕುತ್ತದೆ. ದಿನವೂ ಎಲೆಗಳಿಗೆ ನೀರು ಸಿಂಪಡಿಸುವುದು ತಾಯಿಯ ಪಾಲಿಗೆ ಬಂತು. ನಾಲಗೆ ಬಾರದ ದಿನಗಳಲ್ಲಿ ತಂದೆ ಸೂಜಿಯಿಲ್ಲದ ಸಿರಿಂಜಿನಲ್ಲಿ ಮೆತ್ತನೆಯ ಆಹಾರವನ್ನು ಹನಿಹನಿಯಾಗಿ ಬಾಯಿಗೆ ಬಿಟ್ಟರು.

ಹುಡುಗಿಗೆ ಕಷ್ಟವಾದದ್ದು ಬೇರೆ. ಪಚ್ಚುವನ್ನು ಎತ್ತಿಕೊಳ್ಳಬಾರದೆಂದು ವೈದ್ಯೆ ಹೇಳಿದ್ದರು. ಮುಟ್ಟಿಸಿಕೊಳ್ಳುವುದು ಗೋಸುಂಬೆಗೆ ಸುಖವಲ್ಲ, ಭಯ. ಮೆತ್ತಗಿನ ಎಲುಬಿಗೆ ಅಪಾಯವೂ ಹೌದು. ಮದ್ದಿನ ಹೊತ್ತು ಬಿಟ್ಟರೆ ಅವಳು ದೂರ ಕುಳಿತು ನೋಡಬೇಕಿತ್ತು. "ಎತ್ತಿಕೊಂಡರೆ ನನಗೆ ಸಮಾಧಾನ, ಅದಕ್ಕಲ್ಲ" ಎಂದು ಒಂದು ದಿನ ಅವಳೇ ಹೇಳಿದಳು. ರೋಗಿಗಳ ಮನೆಗಳಿಗೆ ಹೋಗಿಬರುವ ನಾವು ಆ ಮಾತನ್ನು ಬರೆದಿಟ್ಟುಕೊಂಡಿದ್ದೇವೆ.

ಎರಡನೆಯ ವಾರದ ಕೊನೆಗೆ ನಡುಕ ನಿಂತಿತು. ಹತ್ತೊಂಬತ್ತನೆಯ ದಿನ ಅಜ್ಜಿ ನಮಗೆ ಫೋನು ಮಾಡಿ ಕೂಗಿದರು: "ನಾಲಗೆ ಬಿಟ್ಟಿತಂತೆ ಫಾದರ್! ಸ್ವಲ್ಪವೇ, ಒಂದು ಬೆರಳಿನಷ್ಟು. ಆದರೂ ಹುಳ ಸಿಕ್ಕಿತಂತೆ!" ನಾಲ್ಕು ತಿಂಗಳಾಗುವಾಗ ದವಡೆ ಗಟ್ಟಿಯಾಯಿತು, ಬಿರುಕು ಕೂಡಿತು. ಎಡ ಮುಂಗಾಲು ಇಂದಿಗೂ ಬಾಗಿಯೇ ಇದೆ. ಪಚ್ಚು ಎತ್ತರ ಹತ್ತುವುದಿಲ್ಲ, ತಗ್ಗಿನ ಕೊಂಬೆಯಲ್ಲಿಯೇ ಅದರ ಸಂಸಾರ. ಆದರೆ ಬಣ್ಣ ಮತ್ತೆ ಹಸಿರು.

ಈ ಕಥೆ ಊರಿನಲ್ಲಿ ಹರಡಿತು. ಒಂದು ಭಾನುವಾರ ಧರ್ಮೋಪದೇಶ ತರಗತಿಯ ಮೂವರು ಹುಡುಗರು ಚಪ್ಪಲಿಯ ಪೆಟ್ಟಿಗೆಯಲ್ಲಿ 'ಗೋಸುಂಬೆ' ಹಿಡಿದು ತಂದರು. ತೆರೆದು ನೋಡಿದರೆ ಬೇಲಿಯ ಓತಿಕ್ಯಾತ! ಅದೂ ಬಣ್ಣ ಬದಲಿಸುವುದರಿಂದ ನಮ್ಮ ಕಡೆ ಹಲವರು ಅದನ್ನೇ ಗೋಸುಂಬೆ ಎನ್ನುತ್ತಾರೆ. ನಿಜವಾದ ಗೋಸುಂಬೆಯ ಬೆರಳುಗಳು ಇಕ್ಕುಳದಂತೆ ಎರಡು ಕಡೆಗೆ ಕೂಡಿರುತ್ತವೆ, ಬಾಲ ಸುರುಳಿಯಾಗುತ್ತದೆ. ನಮ್ಮ ದೇಶದ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ, ಹಿಡಿದು ಸಾಕುವಂತಿಲ್ಲ. ಇಂಥ ಹೊರದೇಶದ ಜೀವಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕೆಂಬ ನಿಯಮವೂ 2024ರಲ್ಲಿ ಬಂದಿದೆ. ಹುಡುಗರೊಂದಿಗೆ ಹೋಗಿ ಓತಿಯನ್ನು ಅದರ ಬೇಲಿಗೇ ಬಿಟ್ಟು ಬಂದೆವು. ಅದಕ್ಕೆ ಬೇಕಾದ ಬಿಸಿಲು ಅಲ್ಲಿಯೇ ಧಾರಾಳವಾಗಿದೆ.

ಮೊನ್ನೆ ಅಜ್ಜಿಯ ಜಗಲಿಯಲ್ಲಿ ಮತ್ತೆ ಕುಳಿತಿದ್ದೆವು. ಮಗ ತಿಂಗಳು ತಪ್ಪದೆ ಹಣ ಕಳುಹಿಸುತ್ತಾರೆ, ಅದರಲ್ಲಿ ಎಂದೂ ಕೊರತೆ ಇರಲಿಲ್ಲ. ಫೋನು ಮಾತ್ರ ಮೊದಲು ಹಬ್ಬಕ್ಕೊಮ್ಮೆ, ಹುಷಾರಿಲ್ಲದಾಗೊಮ್ಮೆ. "ಈಗ ವಾರಕ್ಕೆ ಮೂರು ಸಲ ಬರ್ತದೆ ಫಾದರ್, ಗೋಸುಂಬೆಯ ದಯದಿಂದ" ಎಂದು ಅಜ್ಜಿ ನಕ್ಕರು.

ಮಾತಿನ ನಡುವೆಯೇ ಫೋನು ಬಂತು. ಅಜ್ಜಿಯ ಮೊದಲ ಪ್ರಶ್ನೆ: "ಬಲ್ಬಿನ ತಾರೀಕು ನೋಡಿದೆಯಾ ಮಗಾ?"

ಮಗ ಫೋನನ್ನು ಗೂಡಿನ ಮೇಲಕ್ಕೆ ತಿರುಗಿಸಿದರು. ದೀಪದ ಹಿಡಿಯ ಮೇಲೆ ಅಂಟಿಸಿದ ಕಾಗದದಲ್ಲಿ, ಮಗಳ ಕೈಬರಹದಲ್ಲಿ, ಅದನ್ನು ಬದಲಿಸಬೇಕಾದ ದಿನ ದೊಡ್ಡದಾಗಿ ಬರೆದಿತ್ತು.