ಹಾಡಿನ ಹೊಲಕ್ಕೂ ಬೇಕು ಅಕ್ಕಡಿ ಸಾಲು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ: ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಪತ್ರಿಕೆಗಳ ಮುಖಪುಟಕ್ಕೆ ಬರುವುದು ಸಾಮಾನ್ಯವಾಗಿ ಬರಗಾಲ ಘೋಷಣೆಯಾದಾಗ ಅಥವಾ ಚುನಾವಣೆ ಹತ್ತಿರವಾದಾಗ. ಕೆಲವು ವರ್ಷಗಳಿಂದ ಇಲ್ಲಿ ನಡೆಯುತ್ತಿರುವ ಇನ್ನೊಂದು ವಿದ್ಯಮಾನವನ್ನು ಹೊರಗಿನವರು ಅಷ್ಟಾಗಿ ಗಮನಿಸಿದಂತಿಲ್ಲ. ಕೈಯಲ್ಲೊಂದು ಮೊಬೈಲ್ ಫೋನು, ಸಾಧಾರಣ ಮೈಕು ಇರುವ ಯುವಜನರು ಹಳ್ಳಿಯ ಹಾಡುಗಾರರನ್ನು ಧ್ವನಿಮುದ್ರಿಸಿ ಯೂಟ್ಯೂಬ್ ವಾಹಿನಿಗಳ ಮೂಲಕ ಲೋಕಕ್ಕೆ ಕೇಳಿಸುತ್ತಿದ್ದಾರೆ. ಪೌರಾಣಿಕ ನಾಟಕದ ರಂಗಗೀತೆ, ತತ್ವಪದ, ಭಜನೆ, ಸೋಬಾನೆ, ಪಾವಗಡದ ಕಡೆ ಕನ್ನಡದೊಂದಿಗೆ ಬೆರೆತು ಬರುವ ತೆಲುಗು ಪದಗಳು ಹೀಗೆ ಈಗ ಬೆಂಗಳೂರಿನ ಬಸ್ಸಿನಲ್ಲೂ ದುಬೈನ ಕಾರ್ಮಿಕ ವಸತಿಯಲ್ಲೂ ಕೇಳಸಿಗುತ್ತವೆ. ಇಂಥದೊಂದು ಪುಟ್ಟ ವಾಹಿನಿಯ ಕೆಲಸದಲ್ಲಿ ನಾನೂ ಭಾಗಿ. ಆದ್ದರಿಂದ ಇವುಗಳ ಸಂಭ್ರಮಕ್ಕಿಂತ ಇವು ಎಷ್ಟು ಕಾಲ ಬಾಳಿಯಾವು ಎಂಬ ಪ್ರಶ್ನೆಯೇ ನನ್ನನ್ನು ಹೆಚ್ಚಾಗಿ ಕಾಡುತ್ತದೆ.

ಪ್ರಶ್ನೆ ಕೇವಲ ನಾಲ್ಕಾರು ವಾಹಿನಿಗಳ ಅಳಿವು ಉಳಿವಿನದಲ್ಲ. ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಾವ್ಯವನ್ನು ಹಾಡುವಾಗ ನೀಳವಾದ ಬಿದಿರಿನ ಗಣೆಯನ್ನು ನುಡಿಸುತ್ತಾರೆ. ಕಾವ್ಯದ ಪಠ್ಯವನ್ನು ವಿದ್ವಾಂಸರು ಸಂಗ್ರಹಿಸಿ ಗ್ರಂಥರೂಪಕ್ಕೆ ತಂದಿದ್ದಾರೆ. ಅದು ಸಣ್ಣ ಉಪಕಾರವಲ್ಲ. ಆದರೆ ಗಣೆಯೊಳಗೆ ಉಸಿರು ತುಂಬುವ ಬಗೆ, ಹಾಡುಗಾರ ಒಂದು ಸೊಲ್ಲನ್ನು ಎಳೆದು ನಿಲ್ಲಿಸುವ ಬಗೆ, ಹಿಮ್ಮೇಳದವರು ಅದನ್ನು ಎತ್ತಿಕೊಳ್ಳುವ ಬಗೆ ಅಚ್ಚಿನಲ್ಲಿ ಉಳಿಯಲಾರವು. ಕಲಿತವರು ಮುದುಕರಾಗುತ್ತಿದ್ದಾರೆ, ಕಲಿಯಬೇಕಾದವರು ಪೀಣ್ಯದ ಕಾರ್ಖಾನೆಗಳ ಹಾದಿ ಹಿಡಿದಿದ್ದಾರೆ. ಇವೆರಡರ ನಡುವಿನ ಕೊಂಡಿಯಾಗಿ ಇಂದು ಉಳಿದಿರುವುದು ಹೆಚ್ಚಾಗಿ ಈ ಹವ್ಯಾಸಿಗಳ ಧ್ವನಿಮುದ್ರಿಕೆಗಳೇ. ಅವು ಇಲ್ಲವಾದರೆ ಮತ್ತೊಮ್ಮೆ ಮುದ್ರಿಸಿಕೊಳ್ಳಲು ಹಾಡಿದವರು ಇರುವುದಿಲ್ಲ.

ಈ ವಾಹಿನಿಗಳ ಮೊದಲ ದೌರ್ಬಲ್ಯ ಅವು ಪರರ ಜಾಗದಲ್ಲಿ ಕಟ್ಟಿದ ಮನೆಗಳು ಎಂಬುದು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ ಚೀನಾ ಮೂಲದ 59 ಆ್ಯಪ್‌ಗಳನ್ನು ನಿಷೇಧಿಸಿತು. ಭದ್ರತೆಯ ದೃಷ್ಟಿಯಿಂದ ಆ ತೀರ್ಮಾನ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಗಮನಿಸಬೇಕಾದದ್ದು ಏನೆಂದರೆ, ಆವರೆಗೆ ಅಲ್ಲಿ ಹಾಡಿ, ಕುಣಿದು ಹೆಸರು ಮಾಡಿದ್ದ ಹಳ್ಳಿಯ ಸಾವಿರಾರು ಕಲಾವಿದರು ಬೆಳಗಾಗುವಷ್ಟರಲ್ಲಿ ತಮ್ಮ ಕೇಳುಗರನ್ನು ಕಳೆದುಕೊಂಡರು. ನಿಷೇಧವೇ ಬೇಕೆಂದೂ ಇಲ್ಲ. ಒಂದು ಕಾಲದಲ್ಲಿ ಜಗತ್ತಿನ ಸ್ವತಂತ್ರ ಸಂಗೀತಗಾರರ ಆಶ್ರಯತಾಣವಾಗಿದ್ದ ಅಮೆರಿಕದ ಮೈಸ್ಪೇಸ್, 2003ರಿಂದ 2015ರವರೆಗೆ ತನ್ನಲ್ಲಿ ಇರಿಸಿದ್ದ ಸಂಗೀತವೆಲ್ಲ ಸರ್ವರ್ ಬದಲಾವಣೆಯ ಹೊತ್ತಿನಲ್ಲಿ ನಾಶವಾಯಿತೆಂದು 2019ರಲ್ಲಿ ಒಪ್ಪಿಕೊಂಡಿತು. ಹನ್ನೆರಡು ವರ್ಷಗಳ ಹಾಡು ಕಳೆದುಹೋಗಲು ಯಾರ ದುರುದ್ದೇಶವೂ ಬೇಕಾಗಲಿಲ್ಲ.

ಎರಡನೆಯ ದೌರ್ಬಲ್ಯ ಹಕ್ಕುಸ್ವಾಮ್ಯದ ಯಾಂತ್ರಿಕ ಜಾರಿಗೆ ಸಂಬಂಧಿಸಿದ್ದು. ಊರ ಭಜನೆ ಮಂಡಳಿಯೊಂದು ತಲೆಮಾರುಗಳಿಂದ ಹಾಡುತ್ತಿರುವ ಪದವೊಂದನ್ನು ನಾವು ಮುದ್ರಿಸಿ ಪ್ರಕಟಿಸಿದ ಎರಡೇ ದಿನಕ್ಕೆ, ಅದು ತನ್ನ ಸ್ವತ್ತೆಂದು ಧ್ವನಿಸುರುಳಿ ಸಂಸ್ಥೆಯೊಂದರ ಹೆಸರಿನಲ್ಲಿ ತಕರಾರು ಬಂತು. ಆ ಸಂಸ್ಥೆ ಅದೇ ಪದವನ್ನು ಎಂದೋ ಬೇರೆ ಗಾಯಕರಿಂದ ಹಾಡಿಸಿತ್ತು. ಪದ ಯಾರ ಆಸ್ತಿಯೂ ಅಲ್ಲ, ಅವರಿಗೆ ಹಕ್ಕಿರುವುದು ಅವರ ಮುದ್ರಿಕೆಯ ಮೇಲೆ ಮಾತ್ರ. ಆದರೆ ಸ್ವರದ ಹೋಲಿಕೆಯನ್ನು ಹುಡುಕುವ ಯಂತ್ರಕ್ಕೆ ಈ ವಿವೇಚನೆ ಇಲ್ಲ. ತಕರಾರನ್ನು ಪ್ರಶ್ನಿಸಿದರೆ ಉತ್ತರ ಕೊಡಲು ಎದುರಾಳಿಗೆ 30 ದಿನಗಳ ಅವಕಾಶ. ಗಂಭೀರ ಸ್ವರೂಪದ ಮೂರು ದೂರುಗಳು 90 ದಿನಗಳೊಳಗೆ ಬಿದ್ದರೆ ಇಡೀ ವಾಹಿನಿಯೇ ರದ್ದಾಗಬಹುದು. ನಗರದ ದೊಡ್ಡ ಸಂಸ್ಥೆಗೆ ವಕೀಲರಿರುತ್ತಾರೆ. ಕೊರಟಗೆರೆಯ ಹುಡುಗನಿಗೆ ಇರುವುದು ಇಂಗ್ಲಿಷಿನಲ್ಲಿ ತುಂಬಬೇಕಾದ ಒಂದು ಅರ್ಜಿ ನಮೂನೆ.

ಮೂರನೆಯದು ಆದಾಯ. 2018ರಿಂದ ಯೂಟ್ಯೂಬ್ ಜಾಹೀರಾತಿನ ಪಾಲು ಕೊಡಬೇಕಾದರೆ ವಾಹಿನಿಗೆ ಕನಿಷ್ಠ 1,000 ಚಂದಾದಾರರಿರಬೇಕು, ಒಂದು ವರ್ಷದಲ್ಲಿ 4,000 ಗಂಟೆಗಳಷ್ಟು ವೀಕ್ಷಣೆ ಆಗಿರಬೇಕು. ಕಿರು ವಿಡಿಯೊಗಳಿಗೆ ಬೇರೆ ಲೆಕ್ಕವಿದೆ. ರಾತ್ರಿಯಿಡೀ ಹಾಡುವ ಕಾವ್ಯವನ್ನು ಪೂರ್ತಿ ಕೇಳುವವರು ಕಡಿಮೆ. ನಾಟಕದ ಒಂದು ಹಾಸ್ಯ ತುಣುಕನ್ನು ನೋಡುವವರು ಲಕ್ಷ. ಆದ್ದರಿಂದ ಗಣೆ ಹಿಂದೆ ಸರಿಯುತ್ತದೆ, ತುಣುಕು ಮುಂದೆ ಬರುತ್ತದೆ. ಯಾರೂ ಒತ್ತಾಯಿಸದೆಯೇ ವಾಹಿನಿಯು ತಾನು ಹುಟ್ಟಿದ ಉದ್ದೇಶವನ್ನು ಮರೆಯುತ್ತದೆ. ಬಾಗಿಲು ಮುಚ್ಚಿದ ವಾಹಿನಿಗಳಿಗಿಂತ ಹೀಗೆ ಬಾಗಿಲು ತೆರೆದೇ ಬರಿದಾದವುಗಳ ಸಂಖ್ಯೆ ಹೆಚ್ಚೆಂಬುದು ನನ್ನ ಅನಿಸಿಕೆ.

ಹಾಗಾದರೆ ಪರಿಹಾರವೇನು? ಅದನ್ನು ಈ ನೆಲದ ಬೇಸಾಯದಿಂದಲೇ ಕಲಿಯಬಹುದು ಎನಿಸುತ್ತದೆ. ಮಳೆಯನ್ನು ನಂಬಲಾಗದ ಈ ಸೀಮೆಯ ರೈತ ಹಿಂದೆ ರಾಗಿಯ ಜತೆಗೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳುಗಳನ್ನು ಅಕ್ಕಡಿ ಸಾಲಾಗಿ ಬಿತ್ತುತ್ತಿದ್ದ. ಮುಂಗಾರು ಕೈಕೊಟ್ಟು ಒಂದು ಹೋದರೆ ಹಿಂಗಾರಿಗೆ ಇನ್ನೊಂದು ಕೈಹಿಡಿಯುತ್ತಿತ್ತು. ಮುಂದೆ ಪಾವಗಡ, ಶಿರಾ, ಮಧುಗಿರಿಗಳ ಬಹುಪಾಲು ಹೊಲಗಳನ್ನು ಶೇಂಗಾ ಆವರಿಸಿತು. ಒಳ್ಳೆಯ ಬೆಲೆ ಸಿಕ್ಕ ವರ್ಷಗಳೂ ಇದ್ದವು. ಆದರೆ ಕಾಯಿ ಕಟ್ಟುವ ಹೊತ್ತಿಗೆ ಮಳೆ ಹೋದಾಗ ರೈತನಿಗೆ ಮತ್ತೊಂದು ಆಸರೆ ಇರಲಿಲ್ಲ. ಒಂದೇ ಕಂಪನಿಯ ಒಂದೇ ವೇದಿಕೆಯನ್ನು ನೆಚ್ಚಿ ಕುಳಿತ ಸಂಗೀತ ವಾಹಿನಿಯೂ ಇಂಥ ಶೇಂಗಾ ಹೊಲವೇ. ತಾಳಿಕೆ ಎಂದು ನಾವು ಕರೆಯುವ ಗುಣ ಮನೋಬಲದಿಂದ ಮಾತ್ರ ಬರುವಂಥದಲ್ಲ; ಅದು ಬಿತ್ತನೆಯ ವಿನ್ಯಾಸದಲ್ಲಿಯೇ ಇರಬೇಕಾಗುತ್ತದೆ.

ಪಾವಗಡವೇ ಒದಗಿಸುವ ಇನ್ನೊಂದು ದೃಷ್ಟಾಂತವಿದೆ. ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಇದೆ. ಅದರ ಮೊದಲ ಹಂತ ಉದ್ಘಾಟನೆಯಾದದ್ದು 2018ರ ಮಾರ್ಚ್‌ನಲ್ಲಿ. ರೈತರು ಭೂಮಿಯನ್ನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು, ನಿಯತವಾಗಿ ಮೊತ್ತ ಏರಿಸುವ ಕರಾರೂ ಆಯಿತು. ಒಡೆತನ ಬಿಟ್ಟುಕೊಡದೆ ಬಳಕೆಯನ್ನು ಮಾತ್ರ ಕೊಡುವ ಈ ಮಾದರಿ ಸಂಗೀತ ವಾಹಿನಿಗಳಿಗೂ ಸಲ್ಲುತ್ತದೆ. ಮೂಲ ಮುದ್ರಿಕೆ ತಮ್ಮಲ್ಲಿರಲಿ, ಅದರ ಪ್ರತಿ ಇನ್ನೆರಡು ಕಡೆ ಭದ್ರವಾಗಿರಲಿ, ವೇದಿಕೆಗೆ ಹೋಗುವುದು ಪ್ರತಿಯೇ ಹೊರತು ಸರ್ವಸ್ವವಲ್ಲ.

ಆದರೆ ಆ ಮಾದರಿಯ ಒಂದು ಕೊರತೆಯನ್ನೂ ಮರೆಯಬಾರದು. ಪಹಣಿಯಲ್ಲಿ ಹೆಸರಿದ್ದವರಿಗೆ ಗುತ್ತಿಗೆಯ ಹಣ ಬಂತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂರಹಿತರಿಗೆ ಕೆಲಸ ಹೋಯಿತು, ಬಾಡಿಗೆ ಬರಲಿಲ್ಲ. ಸಂಗೀತದಲ್ಲೂ ಹೀಗೆಯೇ ಆಗುವ ಅಪಾಯವಿದೆ. ವಾಹಿನಿಯ ಖಾತೆ ಯಾರ ಹೆಸರಿನಲ್ಲಿದೆಯೋ ಅವರಿಗೆ ಹಣ. ಹಾಡಿದ ಅಜ್ಜಿಗೆ ಒಂದು ಫೋಟೊ. ನಮ್ಮ ಕಾನೂನು ಇದನ್ನು ಒಪ್ಪುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ಹಾಡುವ, ನುಡಿಸುವ ವ್ಯಕ್ತಿಗೂ ಪ್ರದರ್ಶನಕಾರರ ಹಕ್ಕನ್ನು ನೀಡಿತು. 2012ರ ತಿದ್ದುಪಡಿ ಅದನ್ನು ಇನ್ನಷ್ಟು ಬಲಪಡಿಸಿತು. ಆ ಹಕ್ಕಿನ ಅವಧಿ 50 ವರ್ಷ. ಹಾಡುವ ಮೊದಲು ಕನ್ನಡದಲ್ಲಿ ಒಂದು ಪುಟದ ಒಪ್ಪಿಗೆ ಪತ್ರ ಬರೆದು, ಓದಿ ಹೇಳಿ, ಒಂದು ಪ್ರತಿಯನ್ನು ಹಾಡುಗಾರರಿಗೇ ಕೊಟ್ಟು, ಬಂದ ಆದಾಯದಲ್ಲಿ ಅವರ ಪಾಲೆಷ್ಟು ಎಂಬುದನ್ನು ನಮೂದಿಸುವುದು ಔದಾರ್ಯವಲ್ಲ, ಕರ್ತವ್ಯ. ಅದು ವಾಹಿನಿಗೂ ರಕ್ಷಣೆ: ಸುಳ್ಳು ತಕರಾರು ಬಂದಾಗ ತೋರಿಸಲು ಕೈಯಲ್ಲೊಂದು ದಾಖಲೆ ಇರುತ್ತದೆ.

ಪ್ರಸಾರದ ಬೇರೆ ಹಾದಿಗಳೂ ನಮ್ಮಲ್ಲಿವೆ. ಗಾಳಿಯಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಹೇಳಿತ್ತು. ಸಮುದಾಯ ಬಾನುಲಿಗೆ ಪರವಾನಗಿ ಸಿಗದಿದ್ದ ದಿನಗಳಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ ಗ್ರಾಮಸ್ಥರು ಕೈಕಟ್ಟಿ ಕೂರಲಿಲ್ಲ. 2000ರ ದಶಕದ ಆರಂಭದಲ್ಲಿ ವಾಯ್ಸಸ್, ಮೈರಾಡ ಸಂಸ್ಥೆಗಳು ಹಾಗೂ ಯುನೆಸ್ಕೊ ನೆರವಿನಿಂದ ‘ನಮ್ಮ ಧ್ವನಿ’ ಕೇಂದ್ರ ಕಟ್ಟಿ, ಕೇಬಲ್ ತಂತಿಯ ಮೂಲಕ ತಮ್ಮ ಹಾಡು, ಮಾತುಗಳನ್ನು ಮನೆಮನೆಗೆ ಮುಟ್ಟಿಸಿದರು. ಆಕಾಶದ ಬಾಗಿಲು ಮುಚ್ಚಿದ್ದರೆ ತಂತಿಯ ಬಾಗಿಲು ಎಂಬ ಆ ಜಾಣ್ಮೆಯೇ ನಾನು ಹೇಳುತ್ತಿರುವ ಅಕ್ಕಡಿ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೂ 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಅವಕಾಶ ತೆರೆಯಿತು. 2024ರ ನೀತಿಯಲ್ಲಿ ಜಾಹೀರಾತಿನ ಅವಧಿ ಗಂಟೆಗೆ 7 ನಿಮಿಷದಿಂದ 12 ನಿಮಿಷಕ್ಕೂ, ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52 ರೂಪಾಯಿಯಿಂದ 74 ರೂಪಾಯಿಗೂ ಏರಿತು. ಜಿಲ್ಲಾ ಕೇಂದ್ರವಾದ ತುಮಕೂರಿನಲ್ಲಿ ಶಿಕ್ಷಣ ಸಂಸ್ಥೆಯೊಂದರ ಸಮುದಾಯ ಬಾನುಲಿ ಆರಂಭವಾದುದುಂಟು. ಆದರೆ ಇಂಥ ಕೇಂದ್ರದ ಧ್ವನಿ ಸುಮಾರು 10 ಕಿಲೊಮೀಟರ್ ಆಚೆ ತಲುಪುವುದು ಕಷ್ಟ. ಮಧುಗಿರಿ ಬೆಟ್ಟವನ್ನು ದಾಟಿ ಪಾವಗಡ ಮುಟ್ಟುವುದಂತೂ ದೂರದ ಮಾತು. ನಾಲ್ಕು ತಾಲ್ಲೂಕುಗಳ ಕಾಲೇಜುಗಳು, ಸ್ವಸಹಾಯ ಸಂಘಗಳು ಈ ಬಗ್ಗೆ ಯೋಚಿಸಬೇಕಾಗಿದೆ.

ಹಣದ ವಿಷಯಕ್ಕೆ ಬಂದರೆ, ಕೇಳುಗರ ಪ್ರೀತಿಯೊಂದೇ ಸಾಲದು ಎಂಬುದನ್ನು ಅನುಭವ ಹೇಳುತ್ತದೆ. ಬ್ರಿಟನ್ನಿನಲ್ಲಿ 1979ರಲ್ಲಿ ಆರಂಭವಾದ ‘ಎಫ್‌ರೂಟ್ಸ್’ ಎಂಬ ಜನಪದ ಸಂಗೀತ ಪತ್ರಿಕೆ ಓದುಗರಿಂದ ಚಂದಾ ಎತ್ತಿಯೂ 2019ರಲ್ಲಿ ನಿಂತುಹೋಯಿತು. ಒಮ್ಮೆ ಬರುವ ದೊಡ್ಡ ದೇಣಿಗೆಗಿಂತ ವರ್ಷವಿಡೀ ಹನಿಯುವ ಸಣ್ಣ ಮೊತ್ತ ಮುಖ್ಯ. ಇದಕ್ಕೆ ನಮ್ಮಲ್ಲಿ ಸಂಪ್ರದಾಯವೇ ಇದೆ. ಈ ಭಾಗದಲ್ಲಿ ‘ಕುರುಕ್ಷೇತ್ರ’ ನಾಟಕ ಕಟ್ಟುವಾಗ ಪಾತ್ರಧಾರಿಗಳೇ ಹಣ ಹಾಕಿ, ಹಾರ್ಮೋನಿಯಂ ಮೇಷ್ಟ್ರಿಗೆ ಸಂಭಾವನೆ ಕೊಟ್ಟು, ಸೀನರಿಯನ್ನು ಬಾಡಿಗೆಗೆ ತರುತ್ತಾರೆ. ಪ್ರದರ್ಶನದ ರಾತ್ರಿ ಬಂಧುಬಳಗ ಮುಯ್ಯಿ ಓದಿಸುತ್ತದೆ. ಯಾರು ಎಷ್ಟು ಕೊಟ್ಟರೆಂದು ಮೈಕಿನಲ್ಲಿ ಸಾರಲಾಗುತ್ತದೆ. ಕೊಟ್ಟದ್ದನ್ನು ಎಲ್ಲರೆದುರು ಹೇಳುವ, ಮುಂದೆ ಹಿಂದಿರುಗಿಸುವ ಈ ಲೆಕ್ಕಾಚಾರ ಯಾವ ಜಾಹೀರಾತಿಗಿಂತಲೂ ನಂಬಲರ್ಹ. ಬೆಂಗಳೂರಿಗೆ ಹೋಗಿ ನೆಲೆಸಿದ ಇಲ್ಲಿನವರು ತಿಂಗಳಿಗೆ ನೂರು ರೂಪಾಯಿಯ ಮುಯ್ಯಿ ಕೊಡಲು ಹಿಂಜರಿಯಲಾರರು. ಕೇಳುವ ಕ್ರಮ, ಲೆಕ್ಕ ಒಪ್ಪಿಸುವ ಕ್ರಮ ಮಾತ್ರ ನಮ್ಮಲ್ಲಿ ಬೆಳೆಯಬೇಕು.

ಇನ್ನು ಸರ್ಕಾರ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದಕ್ಕೆಂದೇ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಜಾನಪದ ಅಕಾಡೆಮಿ ಇದೆ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ, ನಮ್ಮದೇ ಜಿಲ್ಲೆಯಲ್ಲಿ ತುಮಕೂರು ವಿಶ್ವವಿದ್ಯಾಲಯವಿದೆ. ಸ್ವತಂತ್ರ ವಾಹಿನಿಗಳಿಗೆ ಇವುಗಳಿಂದ ಬೇಕಾಗಿರುವುದು ಸನ್ಮಾನವೂ ಅಲ್ಲ, ಅನುದಾನವೂ ಅಲ್ಲ. ಮುದ್ರಿಕೆಗಳ ಒಂದು ಪ್ರತಿಯನ್ನು ಹಾಡಿದವರ ಹೆಸರು, ಊರು, ದಿನಾಂಕ, ಷರತ್ತುಗಳೊಂದಿಗೆ ಸ್ವೀಕರಿಸಿ, ಕಾಲಕಾಲಕ್ಕೆ ಹೊಸ ತಂತ್ರಜ್ಞಾನಕ್ಕೆ ವರ್ಗಾಯಿಸಿ, ಕೇಳಿದವರಿಗೆ ಕೇಳಿಸುವ ಠೇವಣಿ ವ್ಯವಸ್ಥೆಯೊಂದು ಸಾಕು. ಹಕ್ಕು ಹಾಡಿದವರದಾಗಿಯೇ ಉಳಿಯಬೇಕು. ಸಂಸ್ಥೆ ಕೇವಲ ಕಣಜ ಕಾಯುವವನಾಗಿರಬೇಕು. ಹಕ್ಕುಸ್ವಾಮ್ಯದ ತಕರಾರುಗಳಿಗೆ ಕನ್ನಡದಲ್ಲಿ ಸಲಹೆ ಕೊಡುವ ಒಂದು ಮೇಜು ಪ್ರತಿ ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಲ್ಲಿದ್ದರೆ ಅದಕ್ಕೆ ತಗಲುವ ಖರ್ಚು ಒಂದು ಉತ್ಸವದ ಪೆಂಡಾಲಿನ ಖರ್ಚಿಗಿಂತ ಕಡಿಮೆಯೇ ಇದ್ದೀತು.

ಇಷ್ಟೆಲ್ಲ ಆದರೂ ಕೆಲವು ವಾಹಿನಿಗಳು ನಿಂತುಹೋಗುತ್ತವೆ. ನಡೆಸುವವರಿಗೆ ಮದುವೆ, ನೌಕರಿ, ಸಾಲ ಎಲ್ಲವೂ ಇವೆ. ಬರಗಾಲದಲ್ಲೂ ರೈತ ಬಿತ್ತನೆ ಬೀಜವನ್ನು ಮಾತ್ರ ತಿನ್ನದೆ ಉಳಿಸಿಕೊಳ್ಳುತ್ತಿದ್ದ. ಬೆಳೆ ಹೋದರೂ ಮರುವರ್ಷಕ್ಕೆ ಅದು ಸಾಕಿತ್ತು. ಒಂದು ವಾಹಿನಿ ನಿಂತ ದಿನ ಅದು ಸಂಗ್ರಹಿಸಿದ ಹಾಡುಗಳು ಬೇರೊಂದು ಕಡೆ ಸುರಕ್ಷಿತವಾಗಿದ್ದರೆ, ಅವನ್ನು ಹಾಡಿದವರ ಹೆಸರು ಅಳಿಯದಿದ್ದರೆ, ಆ ವಾಹಿನಿ ಸೋತಿತೆಂದು ಹೇಳಲಾಗದು.