ಬಾಡಿಗೆಯ ಗಣಕಯಂತ್ರವೂ ಬೆಳೆಯುವ ಬಿಲ್ಲೂ

ವ್ಯಾಪಾರ ಸಂಸ್ಥೆಗಳು ತಮ್ಮ ಲೆಕ್ಕಪತ್ರಗಳನ್ನು ಸ್ವಂತ ಗಣಕಯಂತ್ರದಲ್ಲಿಡದೆ, ಕ್ಲೌಡ್ ಎಂದು ಕರೆಯಲ್ಪಡುವ ಬಾಡಿಗೆಯ ಯಂತ್ರಗಳಲ್ಲಿಡುವ ಪದ್ಧತಿ ಇಂದು ಬಹಳ ವ್ಯಾಪಕವಾಗಿದೆ. ಹೆಸರಿಗೆ ಮೋಡವಾದರೂ ಅದು ಇರುವುದು ನೆಲದ ಮೇಲೆ, ಅದೂ ನಮ್ಮ ವಾಚಕರು ದುಡಿಯುವ ಊರುಗಳಲ್ಲಿ. ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಪುಣೆ, ಮುಂಬಯಿ, ಚೆನ್ನೈಗಳಲ್ಲಿಯೂ, ಅಮೆಜಾನ್ ಸಂಸ್ಥೆಯು 2016ರಲ್ಲಿ ಮುಂಬಯಿಯಲ್ಲಿ ಮತ್ತು 2022ರಲ್ಲಿ ಹೈದರಾಬಾದಿನಲ್ಲಿಯೂ ಈ ಸೇವೆಯ ಕೇಂದ್ರಗಳನ್ನು ತೆರೆದವು. ಹೋಟೆಲಿನ ಗಲ್ಲೆಯಲ್ಲಿ ಒತ್ತುವ ಬಿಲ್ಲೂ, ಕಚೇರಿಯ ಗುಮಾಸ್ತನು ಸಿದ್ಧಪಡಿಸುವ ಸಂಬಳದ ಪಟ್ಟಿಯೂ ಹಲವೆಡೆ ಇಂಥ ಯಂತ್ರಗಳನ್ನೇ ಸೇರುತ್ತವೆ. ಆದುದರಿಂದ ಇದರ ಖರ್ಚಿನ ವಿಚಾರವು ಕೇವಲ ತಂತ್ರಜ್ಞರಿಗೆ ಬಿಟ್ಟುಬಿಡತಕ್ಕದ್ದಲ್ಲ.

ಈ ಪದ್ಧತಿಯಿಂದ ಲಾಭವಿಲ್ಲವೆಂದು ನಾವು ಹೇಳುವುದಿಲ್ಲ. ದೀಪಾವಳಿಯ ವಾರದಲ್ಲಿ ಹತ್ತು ಯಂತ್ರ ಬೇಕಾಗಿ, ಉಳಿದ ದಿನಗಳಲ್ಲಿ ಎರಡೇ ಸಾಕಾಗುವ ವ್ಯಾಪಾರಿಗೆ ಬಾಡಿಗೆಯೇ ಮೇಲು. ಆದರೆ ವರ್ಷವಿಡೀ ಒಂದೇ ಪ್ರಮಾಣದಲ್ಲಿ ಕೆಲಸವಿರುವವನ ಮಾತು ಬೇರೆ. ಅಮೆರಿಕದ 37ಸಿಗ್ನಲ್ಸ್ ಎಂಬ ಕಂಪನಿಯು 2022ರಲ್ಲಿ ಈ ಬಾಬಿಗೆ ಸುಮಾರು 32 ಲಕ್ಷ ಡಾಲರುಗಳನ್ನು ತೆತ್ತಿತು. ಅನಂತರ ಸುಮಾರು 7 ಲಕ್ಷ ಡಾಲರುಗಳಿಗೆ ಸ್ವಂತ ಯಂತ್ರಗಳನ್ನು ಕೊಂಡಿತು. 2024ರ ವೇಳೆಗೆ ಅದರ ವಾರ್ಷಿಕ ಬಾಡಿಗೆ 13 ಲಕ್ಷ ಡಾಲರುಗಳಿಗೆ ಇಳಿಯಿತು. ಎಲ್ಲರೂ ಹೀಗೆಯೇ ಮಾಡಬೇಕೆಂದು ಇದರ ಅರ್ಥವಲ್ಲ. ಲೆಕ್ಕ ಹಾಕಿ ನೋಡಿದವರಿಗೆ ದಾರಿ ಇದೆಯೆಂಬುದಷ್ಟೇ ಇದರಿಂದ ತಿಳಿಯತಕ್ಕದ್ದು.

ಖರ್ಚು ಕೈಮೀರಲು ಕಾರಣಗಳು ಗೂಢವಾದುವಲ್ಲ. ಒಂದು ಕುರ್ಚಿ ಕೊಳ್ಳಬೇಕಾದರೂ ಮೇಲಧಿಕಾರಿಯ ಸಹಿ ಬೇಡುವ ಕಚೇರಿಗಳಲ್ಲಿ, ಗಂಟೆಯ ಲೆಕ್ಕದಲ್ಲಿ ಬಾಡಿಗೆ ಏರುವ ಯಂತ್ರವನ್ನು ಯಾವನೋ ಒಬ್ಬನು ಗುಂಡಿಯೊತ್ತಿ ಪಡೆಯಬಲ್ಲನು. ಕೆಲಸ ಮುಗಿದ ಮೇಲೆ ಅದನ್ನು ನಿಲ್ಲಿಸಲು ಮರೆತರೆ ಕೇಳುವವರಿಲ್ಲ. ವಾರಕ್ಕೆ 168 ಗಂಟೆಗಳು. ದಿನಕ್ಕೆ ಹತ್ತು ಗಂಟೆಯಂತೆ ಐದು ದಿನ ಬೇಕಾಗುವ ಯಂತ್ರವನ್ನು ಹಗಲಿರುಳು ಓಡಲು ಬಿಟ್ಟರೆ 118 ಗಂಟೆಗಳ ಬಾಡಿಗೆ ವ್ಯರ್ಥ. ಯಂತ್ರವನ್ನು ತೆಗೆದರೂ ಅದಕ್ಕೆ ಜೋಡಿಸಿದ್ದ ಸಂಗ್ರಹ ಉಳಿದಿದ್ದರೆ ಅದರ ಬಾಡಿಗೆ ನಿಲ್ಲುವುದಿಲ್ಲ. ಮಾಹಿತಿಯನ್ನು ಒಳಗೆ ಕಳುಹಿಸಲು ಸಾಮಾನ್ಯವಾಗಿ ಶುಲ್ಕವಿಲ್ಲ. ಹೊರಗೆ ತರಲು ಉಂಟು. ಸಂಸ್ಥೆಯನ್ನೇ ಬಿಟ್ಟುಹೋಗುವ ಗಿರಾಕಿಗಳಿಗೆ ಈ ಶುಲ್ಕವನ್ನು ಮನ್ನಾ ಮಾಡುವುದಾಗಿ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದುವು; ನಿತ್ಯದ ಸಾಗಣೆಗೆ ಆ ರಿಯಾಯಿತಿ ಅನ್ವಯಿಸದು. ಇದಕ್ಕೆಲ್ಲ ಡಾಲರಿನ ಏರಿಕೆಯೂ ಸೇರಿದೆ. 2016ರಲ್ಲಿ 67 ರೂಪಾಯಿಗಳ ಆಸುಪಾಸಿನಲ್ಲಿದ್ದ ಡಾಲರು 2024ರ ಡಿಸೆಂಬರಿನಲ್ಲಿ 85ನ್ನು ದಾಟಿತು. ದರವನ್ನು ಡಾಲರಿನಲ್ಲಿ ಗೊತ್ತುಪಡಿಸಿದಲ್ಲಿ, ಬಳಕೆ ಹೆಚ್ಚದಿದ್ದರೂ ರೂಪಾಯಿಯ ಬಿಲ್ಲು ಹೆಚ್ಚುತ್ತದೆ.

ಪರಿಹಾರವೂ ಕಷ್ಟಸಾಧ್ಯವಲ್ಲ. ಪ್ರತಿಯೊಂದು ಯಂತ್ರಕ್ಕೂ ಅದು ಯಾವ ವಿಭಾಗದ್ದು, ಯಾರ ಹೊಣೆ ಎಂಬ ಚೀಟಿಯನ್ನು ಅಂಟಿಸುವ ಅನುಕೂಲವನ್ನು ಈ ಸಂಸ್ಥೆಗಳೇ ಒದಗಿಸಿವೆ. ರಾತ್ರಿ ಬೇಡವಾದುದನ್ನು ತಾನಾಗಿ ನಿಲ್ಲುವಂತೆ ಏರ್ಪಡಿಸಬಹುದು. ನಿಶ್ಚಿತವಾಗಿ ಬೇಕಾಗುವಷ್ಟಕ್ಕೆ ಒಂದು ಅಥವಾ ಮೂರು ವರ್ಷಗಳ ಕರಾರು ಮಾಡಿಕೊಂಡರೆ ದರ ಗಣನೀಯವಾಗಿ ಇಳಿಯುತ್ತದೆ. ಆದರೆ ಅಂದಾಜು ತಪ್ಪಿದರೆ ಬಳಸದಿದ್ದರೂ ಹಣ ತೆರಬೇಕು. ಖರ್ಚು ಮಿತಿ ಮೀರಿದರೆ ಎಚ್ಚರಿಕೆಯ ಓಲೆ ಬರುವಂತೆಯೂ ಮಾಡಬಹುದು. ಆದರೆ ಓಲೆಯು ಸುದ್ದಿ ತಿಳಿಸುವುದೇ ಹೊರತು ಸಾಮಾನ್ಯವಾಗಿ ಖರ್ಚನ್ನು ತಡೆಯುವುದಿಲ್ಲ. ಅದನ್ನು ಓದಿ ಕ್ರಮ ಕೈಗೊಳ್ಳುವ ಮನುಷ್ಯನೊಬ್ಬನು ಬೇಕು.

ಆ ಮನುಷ್ಯನು ಯಾರು ಎಂಬುದೇ ಮುಖ್ಯ ಪ್ರಶ್ನೆ. ಉಗ್ರಾಣದಿಂದ ಹೊರಟ ಅಕ್ಕಿ ಬೇಳೆಗಳ ಲೆಕ್ಕವನ್ನು ಪ್ರತಿ ರಾತ್ರಿ ಬರೆದಿಡುವ ಹೋಟೆಲ್ ಕೆಲಸಗಾರನಿಗೂ, ಬಾಬುವಾರು ಖರ್ಚು ತೋರಿಸದ ಬಿಲ್ಲನ್ನು ಹಿಂದಕ್ಕೆ ಕಳುಹಿಸುವ ಗುಮಾಸ್ತನಿಗೂ ಈ ಶಿಸ್ತು ಹೊಸದಲ್ಲ. ಆದರೂ ಕ್ಲೌಡ್ ಬಿಲ್ಲು ಅವರ ಮೇಜಿಗೆ ಬಂದಾಗ, ತಾಂತ್ರಿಕ ವಿಷಯವೆಂಬ ಒಂದೇ ಮಾತಿನಿಂದ ಅವರ ಬಾಯಿ ಮುಚ್ಚಿಸಲಾಗುತ್ತದೆ. ಖರ್ಚು ಮಿತಿಮೀರಿದಾಗ ಮಾಲಿಕರು ಕಡಿತಕ್ಕೆ ಕೈಹಾಕುತ್ತಾರೆ. ಎಲ್ಲಿ ಸೋರುತ್ತಿದೆಯೆಂದು ತಿಳಿಯದವರ ಕೈ ಸುಲಭವಾಗಿ ಹೋಗುವುದು ಸಂಬಳದ ಪಟ್ಟಿಯ ಕಡೆಗೆ. ಯಾರೂ ಬಳಸದ ಯಂತ್ರವು ಓಡುತ್ತಲೇ ಇದ್ದು, ದುಡಿಯುವ ಕೈಗೆ ಕೆಲಸ ತಪ್ಪುವುದು ಅನ್ಯಾಯ. ಪ್ರತಿ ತಿಂಗಳೂ ಈ ಬಿಲ್ಲನ್ನು ಬಾಬುವಾರು ಬಿಡಿಸಿ ಕೇಳುವ ಅಧಿಕಾರವನ್ನು ಮಾಲಿಕರು ಲೆಕ್ಕದವರಿಗೆ ಸ್ಪಷ್ಟವಾಗಿ ಕೊಡಬೇಕು. ಅದನ್ನು ಕೇಳಿ ಪಡೆಯಲು ಲೆಕ್ಕದವರೂ ಸಂಕೋಚಪಡಬಾರದೆಂದು ನಾವು ಸೂಚಿಸುತ್ತೇವೆ.